ಸಾರಿಸಿದ ಕಣ

ಸಗಣಿಯ ವಾಸನೆಯೇ ಇದು, ಅನುಮಾನವಿಲ್ಲ, ಒಣಗಿದ ಮೇಲೂ ಸಣ್ಣಗೆ ಏಳುತ್ತಿದೆ — ರುದ್ರಾಣಿ ಫೋನನ್ನು ಎಡಗೈಗೆ ಬದಲಿಸಿ ಮತ್ತೆ ಬಗ್ಗಿ ನೋಡಿದಳು, ಕಣದ ಮೂಲೆಯ ಸಿಮೆಂಟಿನ ಮೇಲೆ ಬೆರಳಿನ ಗೆರೆಗಳು, ಅತ್ತೆಯದೇ ಬೆರಳು, ಅಲ್ಲೇ ಹರವಿದ್ದು ಈ ಸಲದ ಪಾರ್ಚ್‌ಮೆಂಟ್ ಕಾಫಿ, ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬೀಜ, ಅಲ್ಲಿಂದ ಗೋರಿ ಇಡೀ ರಾಶಿಗೆ ಬೆರೆಸಿದ್ದು, ಇನ್ನು ಯಾವ ಬೀಜ ಯಾವ ಮೂಲೆಯದೆಂದು ಆ ಶಿವನೇ ಹೇಳಬೇಕು. ಲಕ್ಷ್ಮಿ ಬರೋ ಜಾಗ ಸಾರಿಸ್ದೆ ಬಿಡಕ್ಕಾಗುತ್ತೇನೆ, ಭತ್ತಕ್ಕೆ ಮಾಡ್ತಿರ್ಲಿಲ್ವಾ ನಾವು ಎಂದು ಬೆಳಿಗ್ಗೆ ನಕ್ಕಿದ್ದರು ಅತ್ತೆ ಸರ್ವಮಂಗಳಮ್ಮ — ಭತ್ತಕ್ಕೆ ಸರಿ ಅತ್ತೆ, ಕಾಫಿ ಹಾಗಲ್ಲ, ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಎಳೆದುಕೊಳ್ಳುತ್ತದೆ — ನಾಲಿಗೆಯ ತುದಿಗೆ ಬಂದಿತ್ತು, ಆ ನಗು ನೋಡಿ ನುಂಗಿಕೊಂಡಳು. ಆ ರಾಶಿಯ ಸ್ಯಾಂಪಲ್ ರಷ್ಯಾಕ್ಕೆ ಎಂದೋ ಹೋಗಿಯಾಗಿತ್ತು.

ಈಗ ಫೋನಿನೊಳಗೆ ವೆರಾ, ಇವರ ಕಾಫಿ ಕೊಳ್ಳಬೇಕಾದವಳು, ಮುಂದೆ ಬಟ್ಟಲುಗಳ ಸಾಲು, ಕೈಯಲ್ಲಿ ಚಮಚ, ಒಂದೊಂದನ್ನೇ ಸೊರ್ರೆಂದು ಎಳೆದು ರುಚಿ ನೋಡಿ ಉಗುಳುತ್ತಾಳೆ, ರುದ್ರಾಣಿಯ ಕಾಫಿಯ ಬಟ್ಟಲು ಕೊನೆಯದು. ವೆರಾಳ ರಷ್ಯಾದ ಆ ಊರನ್ನು ರುದ್ರಾಣಿ ಕಂಡಿಲ್ಲ, ಅರೆಬರೆ ಇಂಗ್ಲಿಷಿನಲ್ಲಿ ಕೇಳಿ ಕೇಳಿಯೇ ಕಣ್ಣಿಗೆ ಕಟ್ಟಿದೆ, ಕಾಡಿನ ನಡುವೆ ಹಳಿ, ಉಗಿಬಂಡಿಗೆ ಬಾಯಾರುವ ಜಾಗದಲ್ಲೊಂದು ನೀರಿನ ಗೋಪುರ, ಆ ಗೋಪುರದ ಸುತ್ತ ಬೆಳೆದ ಊರು, ಇಂಜಿನ್ ರಿಪೇರಿಯ ಶೆಡ್ಡು, ಶಾಲೆ, ಬ್ರೆಡ್ಡಿನ ಅಂಗಡಿ, ಪ್ಲಾಟ್‌ಫಾರಮ್ಮಿನಲ್ಲಿ ಬೆಂದ ಆಲೂಗಡ್ಡೆ ಮಾರುವ ಅಜ್ಜಿಯರು — ಆಮೇಲೆ ಕರೆಂಟಿನ ರೈಲು, ಅದಕ್ಕೆ ನೀರು ಬೇಡ, ಊರೂ ಬೇಡ, ನಿಲ್ಲದೆ ಹೋಯಿತು. ನಮ್ಮ ಗೋಣಿಬೀಡಿಗೆ ರೈಲೇ ಬರಲಿಲ್ಲ, ಬಂದು ನಿಂತು ಆಮೇಲೆ ನಿಲ್ಲುವುದನ್ನು ಬಿಟ್ಟಿದ್ದರೆ ನಾವೇನಾಗುತ್ತಿದ್ದೆವೋ. ವೆರಾಳ ಊರಿನಲ್ಲಿ ಇಂಜಿನ್ ತೊಳೆಯುತ್ತಿದ್ದ ಹೆಂಗಸರು ಈಗ ಅದೇ ಶೆಡ್ಡಿನಲ್ಲಿ ಕಾಫಿ ಹುರಿಯುತ್ತಾರೆ, ಹೋದ ವರ್ಷ ಯಾರದೋ ಬೂಸಲು ಹಿಡಿದ ಕಾಫಿ ಬಂದು ಡಬ್ಬಿಗಳೆಲ್ಲ ಅಂಗಡಿಯಿಂದ ವಾಪಸಾದವು, ಇನ್ನೊಂದು ಸಲ ಹಾಗಾದರೆ ಬಾಗಿಲು ಹಾಕಬೇಕು ರುದ್ರಾಣಿ, ಎಂದಿದ್ದಳು ವೆರಾ. ಗಂಡ ಕಲ್ಲೇಶನೂ ಹೇಳಿದ್ದ, ಕಾಣದ ದೇಶ ಯಾಕೆ ಮಾರಾಯ್ತಿ, ಇಲ್ಲಿನ ಸಾಹುಕಾರ್ರಿಗೇ ಕೊಟ್ಬಿಡಣ, ಇವಳೇ ಹಟ ಹಿಡಿದವಳು, ನಾನಿದೀನಲ್ಲ ಎಂದವಳು, ಬೇಲಿ ಕಾಯುತ್ತೇನೆಂದು ಕೂತು ಮನೆಯೊಳಗಿನ ಹಸುವನ್ನೇ ಮರೆತವಳು. ಹೇಳಿಬಿಡಲೇ, ವೆರಾ ನಿಲ್ಲು ಎನ್ನಲೇ, ಸಗಣಿಗೆ ಇಂಗ್ಲಿಷಿನಲ್ಲಿ ಏನೆಂದು ಹೇಳುವುದು, ಪೂಜೆ ಎಂದರೆ ಏನು ಅರ್ಥವಾದೀತು, ಬಹುಶಃ ಏನೂ ಆಗಿರಲಿಕ್ಕಿಲ್ಲ, ಒಂದು ಮೂಲೆ ಮಾತ್ರ, ಒಂದೇ ಮೂಲೆ —

ವೆರಾ ಕೊನೆಯ ಬಟ್ಟಲಿಗೆ ಚಮಚ ಅದ್ದಿದಳು. ಅವಳ ಬೆನ್ನ ಹಿಂದಿನ ಕಿಟಕಿಯಾಚೆ ಕಾಫಿ ಹುರಿಯುವ ತಲೆವಸ್ತ್ರದ ಹೆಂಗಸರು ಒಳಗೆ ನೋಡುತ್ತ ಸಾಲಾಗಿ ನಿಂತಿದ್ದಾರೆ, ಯಾರೂ ರೆಪ್ಪೆ ಹೊಡೆಯುವುದಿಲ್ಲ, ಅವರ ಹಿಂದೆ ರೈಲೊಂದು ನಿಲ್ಲದೆ ಓಡುತ್ತಿದೆ. ಅತ್ತೆ ಯಾವಾಗ ಬಂದರೋ, ಭುಜದ ಮೇಲಿಂದ ಫೋನಿನೊಳಗೆ ಇಣುಕಿ, ಬಿಸಿ ಇರುತ್ತೆ, ಊದ್ಕೊಂಡು ಕುಡಿಯಮ್ಮ ಎಂದರು, ಚಮಚ ಮೇಲೆದ್ದಿತು, ವೆರಾಳ ಮೂಗಿನ ಹೊಳ್ಳೆ ಅರಳಿತೋ, ಹುಬ್ಬು ಗಂಟಾಯಿತೋ, ನೆಟ್‌ವರ್ಕ್ ಕೈಕೊಟ್ಟು ಚಿತ್ರ ಹಾಗೇ ನಿಂತುಬಿಟ್ಟಿತು — ಓಡುವ ರೈಲೂ ನಿಂತಿತು, ಆ ಊರಿನಲ್ಲಿ, ಕೊನೆಗೂ — ಹೆಂಗಸರು ನಿಂತರು, ಚಮಚ ನಿಂತಿತು, ಚಮಚ, ತುಟಿ, ನಡುವೆ ಒಂದು ಬೆರಳಿನಷ್ಟು ಜಾಗ, ಚಮಚ,