ಕೊಚ್ಚುಕಡವಿನಲ್ಲಿ ಮಂತ್ರಿಗಳು ಹೇಳಿದ್ದು

ನಮ್ಮಪ್ಪ ಇಟ್ಟಿಯವಿರ ಮಂತ್ರಿಯಾಗಿದ್ದಾಗ ವಿಧಾನಸಭೆಯಲ್ಲಿ ತೂಕಡಿಸುತ್ತಿದ್ದದ್ದು ನಿಜ. ಅದನ್ನು ನಾನು ಇಲ್ಲವೆನ್ನುವುದಿಲ್ಲ. ಮನೆಯಲ್ಲಿ ಊಟದ ನಡುವೆಯೂ ತೂಕಡಿಸುತ್ತಿದ್ದರು. ಆದರೆ ಕೊಚ್ಚುಕಡವಿನಲ್ಲಿ ಮದುವೆ ದೋಣಿ ಮುಳುಗಿದ ದಿನ ಅವರು ಮಲಗಿರಲಿಲ್ಲ. ಸುದ್ದಿ ಬಂದ ತಕ್ಷಣ ಹೊರಟು, ಕೊನೆಯ ಹೆಣ ಮೇಲೆ ಬರುವವರೆಗೂ ನೀರಿನ ಅಂಚಿನಲ್ಲಿ ನಿಂತೇ ಇದ್ದರು. ಆಗ ಕಾಲೇಜಿಗೆ ಹೋಗುತ್ತಿದ್ದ ನಾನು ಅಮ್ಮ ಕೊಟ್ಟ ಗಂಜಿ ಹಿಡಿದುಕೊಂಡು ಹೋಗಿ ಪಕ್ಕದಲ್ಲೇ ನಿಂತಿದ್ದೆ. ಅವರು ಗಂಜಿ ಮುಟ್ಟಲಿಲ್ಲ.

‘ಮಲಗ್ಬಿಟ್ಟಿದ್ದೆ ಮಕ್ಕಳೇ’ ಎಂಬ ಮಾತು ಹುಟ್ಟಿದ್ದು ಆಮೇಲೆ, ಪುಷ್ಪಾಂಗದನ್ ಬಾಯಲ್ಲಿ. ಅವನು ನಮ್ಮ ಕಡೆಯ ಹೆಸರಾಂತ ಮಿಮಿಕ್ರಿಗಾರ. ವೇದಿಕೆಯ ಮೇಲೆ ಒಬ್ಬ ‘ದೋಣಿ ಮುಳುಗಿತು ಸಾರ್’ ಎಂದು ಕೂಗಿದರೆ, ಇವನು ಅಪ್ಪನ ಹಾಗೆ ಶಾಲು ಎಳೆದುಕೊಂಡು, ಉದ್ದಕ್ಕೆ ಆಕಳಿಸಿ ಆ ಮಾತು ಹೇಳುತ್ತಿದ್ದ. ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಒಮ್ಮೆ ಅಪ್ಪನೇ ಮುಂದಿನ ಸಾಲಿನಲ್ಲಿ ಕೂತು ನಕ್ಕು, ಅವನ ಬೆನ್ನು ತಟ್ಟಿ ಬಂದರು. ಮಿಮಿಕ್ರಿಗೆ ಮುಖ ಗಂಟಿಕ್ಕುವ ರಾಜಕಾರಣಿಗೆ ನಮ್ಮಲ್ಲಿ ವೋಟು ಬೀಳುವುದಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿದುಹೋಗಿತ್ತು.

ಅಪ್ಪ ತೀರಿಕೊಂಡು ಎಷ್ಟೋ ಕಾಲವಾದ ಮೇಲೆ ಈಗ ಅವರ ಮೇಲೊಂದು ಸಿನಿಮಾ. ನಿರ್ದೇಶಕ ರಿನೋಷ್, ವಿನಯವಂತ ಹುಡುಗ, ಚಿತ್ರಕಥೆಯನ್ನು ಓದಲು ಕಳಿಸಿದ. ದೋಣಿಯ ದೃಶ್ಯದಲ್ಲಿ ಸಾಲಾಗಿ ಮಲಗಿಸಿದ ಹೆಣಗಳು, ಗೋಳಾಡುವ ಹೆಂಗಸರು, ತಡವಾಗಿ ಬಂದು ಆಕಳಿಸುವ ಮಂತ್ರಿ. ಅದೇ ಮಾತು. ನಗಿಸಲು ಕಟ್ಟಿದ ಸುಳ್ಳು ಈಗ ನಗುವನ್ನೂ ಕಳೆದುಕೊಂಡಿತ್ತು. ಇದು ತೆರೆಗೆ ಬಂದರೆ ನನ್ನ ಮೊಮ್ಮಕ್ಕಳಿಗೂ ಅವರ ಮಕ್ಕಳಿಗೂ ಅಪ್ಪ ಹೆಣಗಳ ಮುಂದೆ ಆಕಳಿಸಿದ ಮನುಷ್ಯನಾಗಿಯೇ ಉಳಿಯುತ್ತಾರೆ. ಅದೊಂದು ಆಗಕೂಡದು ಎಂದುಕೊಂಡೆ.

ನೇರ ಪುಷ್ಪಾಂಗದನ್ ಮನೆಗೆ ಹೋದೆ. ವಯಸ್ಸಾಗಿ ಮೆತ್ತಗಾಗಿದ್ದ. ಹಾಲಿಲ್ಲದ ಕಟ್ಟನ್ ಚಹಾ ಕೊಟ್ಟು, ನಾನು ಜಗಳ ತೆಗೆಯುವ ಮುಂಚೆಯೇ ಒಪ್ಪಿಕೊಂಡ.

“ಸಾರ್ ಅದನ್ನ ಹೇಳೇ ಇಲ್ಲ ಟೀಚರೇ. ಕಾರ್ಯಕ್ರಮಕ್ಕೆ ಹೋಗ್ತಾ ವ್ಯಾನಲ್ಲಿ ಕೂತು ನಾವೇ ಕಟ್ಟಿದ್ದು.”

ಅದನ್ನೇ ನಿರ್ದೇಶಕನಿಗೆ ಹೇಳು ಬಾ ಎಂದೆ. ಎರಡು ಮಾತಾಡದೆ ಹೊರಟ. ಚಿತ್ರೀಕರಣ ಕೊಚ್ಚುಕಡವಿನಲ್ಲೇ ನಡೆಯುವುದಿತ್ತು, ನಾವು ದೋಣಿಯಲ್ಲಿ ಅಲ್ಲಿಗೆ ಹೋದೆವು.

ರಿನೋಷ್ ಕುರ್ಚಿ ಹಾಕಿಸಿ, ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡ. ತಾನು ಮಿಮಿಕ್ರಿಯನ್ನು ನಂಬಿ ಬರೆದದ್ದಲ್ಲ, ಕಣ್ಣಾರೆ ಕಂಡವರನ್ನೇ ಕೇಳಿ ಬರೆದದ್ದು ಎಂದ. ಆಮೇಲೆ ಪಾಪ್ಪಚ್ಚನ್ ಎಂಬ ಮುದುಕನನ್ನು ಕರೆಸಿದ. ಅವನ ಗುರುತು ನನಗಿತ್ತು. ಆ ದಿನ ಮತ್ತೆ ಮತ್ತೆ ಮುಳುಗಿ ಹೆಣಗಳನ್ನು ಮೇಲೆ ತಂದ ಅಂಬಿಗ ಅವನೇ.

“ಈ ಕಿವಿಯಾರೆ ಕೇಳಿದ್ದೀನಿ,” ಎಂದ ಪಾಪ್ಪಚ್ಚನ್. “ಇಗೋ ಇಲ್ಲೇ ನಿಂತು ಆಕಳಿಸಿ ಹೇಳಿದ್ರು.”

“ಚೇಟಾ, ಅದು ಹೇಳಿದ್ದು ನಾನು,” ಎಂದ ಪುಷ್ಪಾಂಗದನ್.

“ನೀನು ಕದ್ದೆ ಅನ್ನು. ಅವ್ರು ಹೇಳ್ದೆ ಇದ್ರೆ ನಿನಗೆಲ್ಲಿಂದ ಬರ್ಬೇಕು? ಅಷ್ಟು ತಲೆ ಇದ್ದಿದ್ರೆ ನಿನ್ನ ಸ್ವಂತ ದನೀಲೇ ಮಾತಾಡಿ ಬದುಕ್ತಿದ್ದೆ.”

ಪುಷ್ಪಾಂಗದನ್ ಪೆಚ್ಚಾಗಿ ನನ್ನ ಮುಖ ನೋಡಿದ. ಆ ಮುದುಕನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಕೇಳಿದ್ದ, ಎಲ್ಲಿ ಕೇಳಿದೆ ಎನ್ನುವುದಷ್ಟೇ ಅವನಿಗೆ ಮರೆತುಹೋಗಿತ್ತು.

“ಹಾಗಾದ್ರೆ ಸಾರ್ ಅವತ್ತು ಏನು ಹೇಳಿದ್ರು ಟೀಚರ್?” ರಿನೋಷ್ ಕೇಳಿದ. “ಅದನ್ನ ಕೊಡಿ, ಇದನ್ನ ತೆಗೆದುಬಿಡ್ತೀನಿ. ಆದ್ರೆ ಇವರಿಗೂ ಅದು ನೆನಪಿರ್ಬೇಕು.”

ಅಪ್ಪ ಅವತ್ತು ಏನೂ ಹೇಳಿರಲಿಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಕೈ ಹಿಡಿದು ಜಗ್ಗಿದರೂ, ಎದೆಗೆ ಗುದ್ದಿದರೂ ಒಂದು ಮಾತಿಲ್ಲ, ನಿಂತಿದ್ದರು ಅಷ್ಟೇ. ಸುಮ್ಮನಿದ್ದರು ಎಂದರೆ ಆ ಮೌನದೊಳಕ್ಕೆ ಇವರು ಮತ್ತೆ ಆಕಳಿಕೆಯನ್ನೇ ತುಂಬುತ್ತಾರೆ. ಬದುಕೆಲ್ಲ ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿದವಳು ನಾನು. ಉತ್ತರ ಗೊತ್ತಿಲ್ಲದಿದ್ದರೆ ಜಾಗ ಖಾಲಿ ಬಿಡಿ, ಕಟ್ಟಿ ಬರೆಯಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದವಳು.

“ಕೊನೇ ಮಗು ಸಿಗೋವರೆಗೂ ನಾನು ಇಲ್ಲಿಂದ ಕದಲೋದಿಲ್ಲ ಅಂದ್ರು,” ಎಂದೆ.

ಪಾಪ್ಪಚ್ಚನ್ ಅಡ್ಡಡ್ಡ ತಲೆಯಾಡಿಸಿದ. ಅಂಥದ್ದೇನೂ ಕೇಳಿದ ನೆನಪಿಲ್ಲವಂತೆ. ಆಗ ನಾನು ಪುಷ್ಪಾಂಗದನ್ ಕಡೆ ತಿರುಗಿ, ಅಪ್ಪನ ದನಿಯಲ್ಲಿ ಅದನ್ನು ಹೇಳು ಎಂದೆ.

ಅವನು ಹೆಗಲ ಮೇಲಿನ ಟವೆಲ್ಲನ್ನೇ ಶಾಲಿನಂತೆ ಎಳೆದುಕೊಂಡ. ಈ ಸಲ ಆಕಳಿಸಲಿಲ್ಲ. ನೀರಿನ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದ.

ಪಾಪ್ಪಚ್ಚನ್ ಅಲ್ಲಾಡದೆ ನಿಂತ.

“ಹೇಳಿದ್ರು,” ಎಂದ. “ಹೌದು ಮಗಾ, ಹೇಳಿದ್ರು. ನಾನು ನೀರಿಂದ ತಲೆ ಎತ್ತಿದ್ದೆ ಅಷ್ಟೆ, ಈ ಕಿವಿಯಾರೆ ಕೇಳಿದೆ.”

ಹಾಗಾದರೆ ಆ ಆಕಳಿಕೆ ಯಾವಾಗಿನದು ಎಂದು ರಿನೋಷ್ ಕೇಳಿದ್ದಕ್ಕೆ ಅದು ಬೇರೆ ಯಾವತ್ತೋ ಇರಬೇಕು ಎಂದು ಪಾಪ್ಪಚ್ಚನ್ ಕಣ್ಣೊರೆಸಿಕೊಂಡ. ರಿನೋಷ್ ನಮ್ಮೆದುರಿಗೇ ಹಳೆಯ ಮಾತು ಹೊಡೆದುಹಾಕಿ ಹೊಸದನ್ನು ಬರೆದುಕೊಂಡ. ನನ್ನ ಎದೆ ಹಗುರಾಯಿತು, ಸುಳ್ಳು ಯಾಕೆ ಹೇಳಲಿ.

ದೋಣಿಯಲ್ಲಿ ಹಿಂತಿರುಗುವಾಗ ಪುಷ್ಪಾಂಗದನ್ ಹತ್ತಿರ ಸರಿದು ಕೇಳಿದ.

“ಟೀಚರೇ, ಸಾರ್ ನಿಜವಾಗ್ಲೂ ಹಾಗಂದ್ರಾ?”

ಅಪ್ಪ ಇದ್ದಿದ್ದರೆ ಇದಕ್ಕೆ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಮನೆಯಲ್ಲಿ ಸುಳ್ಳನ್ನು ಅವರು ಸಹಿಸಿದವರೇ ಅಲ್ಲ. ಹೇಗೆ ಬೈಯುತ್ತಿದ್ದರು, ಮೊದಲು ಏನೆನ್ನುತ್ತಿದ್ದರು ಎಂದು ಅವರ ದನಿಯನ್ನು ನೆನೆಸಿಕೊಳ್ಳಲು ನೋಡಿದೆ. ಕಣ್ಣು ಮುಚ್ಚಿಯೂ ನೋಡಿದೆ. ಬೈಗುಳವೇನೋ ಕೇಳಿಸಿತು, ಆದರೆ ದನಿ ಪುಷ್ಪಾಂಗದನ್‌ನದು.

“ಹೌದು,” ಎಂದೆ. “ಹಾಗೇ ಅಂದ್ರು.”