ಓವನ್ ಕಾವಿಗೆ ಸಕ್ಕರೆ ಇಳಿಯುತ್ತದೆಯೇ?

ಮತ್ತಿಕೆರೆಯ ಬೇಕರಿಯಲ್ಲಿ ಪಫ್ಸ್ ಮಾಡುವ ಗಯಾಸ್‌ಗೆ ಸಕ್ಕರೆ ಕಾಯಿಲೆ. ಈಚೆಗೆ ಟೀ ಕುಡಿಯಲು ಬಂದ ಕಾಲೇಜು ಹುಡುಗಿಯರು ಪರೀಕ್ಷೆಗೆ ಓದಿಕೊಳ್ಳುತ್ತಿದ್ದದ್ದು ಅವನ ಕಿವಿಗೆ ಬಿತ್ತು. ಮೈಗೆ ಕಾವು ತಗುಲಿದರೆ ಜೀವಕೋಶವನ್ನು ಕಾಯುವ ಪ್ರೋಟೀನ್ ಹೆಚ್ಚುತ್ತದೆ, ಸಕ್ಕರೆಯ ಬಳಕೆಗೂ ಅದು ನೆರವಾಗುತ್ತದೆ ಎಂದು. ಟೀ ಮುಗಿಯಿತು, ಹುಡುಗಿಯರು ಎದ್ದು ಹೋದರು. ಉಳಿದರ್ಧ ಪಾಠವನ್ನು ಗಯಾಸ್ ತಾನೇ ಸೇರಿಸಿಕೊಂಡ, ಎಷ್ಟಾದರೂ ಬುದ್ಧಿವಂತ! ದಿನವಿಡೀ ಓವನ್ ಮುಂದೆ ನಿಲ್ಲುವವನಿಗೆ ಮಾತ್ರೆ ಏಕೆ? ಬಿಟ್ಟೇಬಿಟ್ಟ.

ಕೆಲವೇ ದಿನಕ್ಕೆ ಓವನ್ ಎದುರೇ ತಲೆ ಸುತ್ತಿ ಬಿದ್ದ. ಸಕ್ಕರೆ ಮಿತಿ ಮೀರಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಪಕ್ಕದ ಮನೆಯ ನರ್ಸ್ ಕಲಾವತಿ ನೋಡಲು ಬಂದರು.

“ಕಾವಿಗೆ ಪ್ರೋಟೀನ್ ಬರೋದು ಸುಳ್ಳಾ ಅಕ್ಕಾ?” ಗಯಾಸ್ ಕೇಳಿದ.

“ನಿಜ.”

“ಹಂಗಾದ್ರೆ ಕಾವು ಒಳ್ಳೇದು!”

“ಅಲ್ಲ.”

“ಅಯ್ಯೋ, ಎರಡೂ ಹೆಂಗೆ? ಯಾವ್ದಾದ್ರೂ ಒಂದ್ ಹೇಳಿ.”

ಎಲ್ಲಿಂದ ಶುರು ಮಾಡುವುದೋ ಕಲಾವತಿಗೂ ತಿಳಿಯಲಿಲ್ಲ. “ಪಫ್ಸ್ ಹಿಟ್ಟು ಪದರ ಪದರ ಮಡಿಚ್ತೀರಲ್ಲ ಗಯಾಸ್ ಭಾಯ್, ಬೇಸಿಗೇಲಿ ಏನಾಗುತ್ತೆ?”

“ಡಾಲ್ಡಾ ಕರಗಿ ಪದರ ಅಂಟ್ಕೊಳ್ಳುತ್ತೆ. ಫ್ರಿಜ್ಜಲ್ಲಿಟ್ಟು ತಿರ್ಗಾ ಮಡಿಚ್ತೀನಿ. ಅಲ್ಲೀವರ್ಗೂ ಹೊಸ ಹಿಟ್ಟು ಕಲಸಲ್ಲ.”

“ಕೋಶದ ಒಳಗಿನ ಪ್ರೋಟೀನೂ ಹಂಗೇ, ಸರಿಯಾಗಿ ಮಡಿಚ್ಕೊಂಡಿದ್ರೇನೇ ಕೆಲಸ ಮಾಡೋದು. ಕಾವು ಜಾಸ್ತಿಯಾದ್ರೆ ಬಿಚ್ಕೊಂಡು ಅಂಟ್ಕೊಳ್ಳುತ್ತೆ. ಆಗ ಕಾವಲು ಪ್ರೋಟೀನ್ ಬಂದು ಸರಿ ಮಾಡುತ್ತೆ. ಅಲ್ಲೀವರ್ಗೂ ಕೋಶ ಹೊಸ ಕೆಲಸ ಕಮ್ಮಿ ಮಾಡಿ ಶಕ್ತಿ ಉಳಿಸ್ಕೊಳ್ಳುತ್ತೆ.”

“ಒಳ್ಳೇದೇ ಆಯ್ತಲ್ಲ!”

“ಇದ್ದಬದ್ದ ಟ್ರೇ ಹಿಟ್ಟೆಲ್ಲಾ ಒಟ್ಟಿಗೆ ಕೆಟ್ರೆ?”

ಗಯಾಸ್ ತಲೆ ಕೆರೆದುಕೊಂಡ. “ಬಿಸಾಕ್ಬೇಕು.”

“ಕೋಶಾನೂ ಹಂಗೇ, ಕಾವಲಿನ ಕೈ ಮೀರಿದ್ರೆ ಸಾಯುತ್ತೆ. ಸಕ್ಕರೆ ಏರಿದ್ರೆ ಅದೂ ಕೋಶಕ್ಕೆ ಕಾಟಾನೇ. ಈ ಕಾಯಿಲೇಲಿ ಕಾವಲೂ ಸೊರಗಬಹುದು. ಅದ್ರ ಮೇಲೆ ಓವನ್ ಕಾವು. ನೀರೂ ಕುಡಿಯಲ್ಲ, ಮಾತ್ರೇನೂ ಇಲ್ಲ!”

ಬಾಗಿಲ ಬಳಿ ನಿಂತಿದ್ದ ಹೆಂಡತಿ ಶಹರ್ಬಾನು ಅಳುತ್ತಾ ಅಂದಳು: “ಬಿಸಾಕ್ಬೇಕು ಅಂತ ಎಷ್ಟ್ ಸಲೀಸಾಗಿ ಹೇಳಿದ್ರಿ. ನೀವೇನು ಟ್ರೇ ಏನ್ರೀ?”

ಗಯಾಸ್ ಹೆಂಡತಿಯ ಕಡೆ ಕೈ ಚಾಚಿದ.

“ನಂಗಿನ್ನೂ ಪೂರ್ತಿ ಅರ್ಥ ಆಗ್ಲಿಲ್ಲ ಬಾನು. ಮಾತ್ರೆ ಕೊಡು.”

ಓದುಗರೇ, ಗೊಂದಲ ನಿಮಗೂ ಇರಬಹುದು, ನಾಚಬೇಡಿ. ಅತಿಯಾದರೆ ಅಮೃತವೂ ವಿಷ, ಇನ್ನು ಬೆಂಕಿಯ ಮಾತೇನು? ಮೈಯೊಳಗಿನ ಕಾವಲುಗಾರರು ದುಡಿಯುತ್ತಲೇ ಇದ್ದಾರೆ. ಅವರಿಗೆ ನೀರು, ನೆರಳು, ನಿದ್ದೆ ಕೊಡಿ. ಅರ್ಧ ಕೇಳಿದ ಪಾಠದ ಉಳಿದರ್ಧವನ್ನು ವೈದ್ಯರಿಂದ ಕೇಳಿ. ಕೇಳುವ ತನಕ ಮಾತ್ರೆ ಮಾತ್ರ ನಿಲ್ಲಿಸಬೇಡಿ.