ಎರಡನೇ ಪಂಪು

ಮಂಗಳಕ್ಕೆ ಹೋಗುವ ನೌಕೆಗೆ ಒಂದು ಸೂಜಿ ಹತ್ತಬೇಕಾದರೂ ಅಕ್ಕನ ಪಟ್ಟಿಯಲ್ಲಿ ಅದರ ಹೆಸರಿರಬೇಕು. ಕಚೇರಿಯಲ್ಲಿ ಎಲ್ಲರಿಗೂ ಅವಳು ಅಕ್ಕನೇ. ಒಡಹುಟ್ಟಿದವಳೆಂದರೆ ಒಬ್ಬಳೇ ತಂಗಿ. ನೌಕೆಯಲ್ಲಿ ಹೋಗಲಿದ್ದ ನಾಲ್ವರಲ್ಲಿ ಅವಳೂ ಒಬ್ಬಳು.

ಈ ಕೆಲಸಕ್ಕೆ ಬರುವ ಮುಂಚೆ ಅಕ್ಕ ಹದಿನೈದು ವರ್ಷ ಪಂಪು ರಿಪೇರಿ ಮಾಡಿದವಳು. ಹಾಗಾಗಿ ಒಂದು ನಿಯಮವನ್ನು ಅವಳೇ ಹಟ ಹಿಡಿದು ತಂದಿದ್ದಳು. ಯಾವುದೇ ಬಿಡಿಭಾಗ ಬೇಡವೆಂದು ಹೊಡೆದುಹಾಕಬೇಕಾದರೆ, ಸಹಿ ಹಾಕುವವರು ಅದಿಲ್ಲದೆ ರಿಪೇರಿ ಮಾಡಿ ತೋರಿಸಬೇಕು, ಮಾದರಿ ನೌಕೆಯೊಳಗೆ, ತಮ್ಮದೇ ಕೈಯಿಂದ.

ಅವತ್ತು ಯೋಜನೆಯ ಮುಖ್ಯಸ್ಥರು, ನೀರು ಶುದ್ಧಿ ಮಾಡುವ ಎರಡನೇ ಪಂಪಿನ ಮೇಲೆ ಕೆಂಪು ಗೆರೆ ಎಳೆದು ಪಟ್ಟಿಯನ್ನು ಅವಳ ಮುಂದಿಟ್ಟರು.

"ತೂಕ ಹನ್ನೊಂದು ಕಿಲೋ ಜಾಸ್ತಿಯಾಗಿದೆ. ಮೊದಲನೇ ಪಂಪು ಕೆಟ್ಟರೆ ಹೊಸ ವಾಷರ್ ಹಾಕ್ಕೊಂಡರಾಯ್ತು. ಸಹಿ ಮಾಡಿ."

"ಮಾಡಲ್ಲ," ಎಂದಳು ಅಕ್ಕ.

"ಈ ಸಲ ತಪ್ಪಿದರೆ ಮಂಗಳ ಮತ್ತೆ ಹತ್ತಿರ ಬರೋಕೆ ಇಪ್ಪತ್ತಾರು ತಿಂಗಳು. ಅಷ್ಟರಲ್ಲಿ ನಿಮ್ಮ ತಂಗಿಗೆ ವಯಸ್ಸು ಮೀರುತ್ತೆ, ಗೊತ್ತಲ್ಲ?"

ಗೊತ್ತಿಲ್ಲದೆ ಏನು. ಬೆಳಿಗ್ಗೆಯಷ್ಟೇ ತಂಗಿ ಫೋನಿನಲ್ಲಿ ಗೋಗರೆದಿದ್ದಳು: "ಅಕ್ಕಾ, ನಿನ್ನ ದಮ್ಮಯ್ಯ, ಇದಕ್ಕೆ ಕಲ್ಲು ಹಾಕಬೇಡ." ಹನ್ನೆರಡು ವರ್ಷ ಅವಳು ಬೇರೆ ಕನಸೇ ಕಂಡಿರಲಿಲ್ಲ. ಆದರೂ ಅಕ್ಕ ಪೆನ್ನಿನ ಕ್ಯಾಪು ತೆಗೆಯಲಿಲ್ಲ.

"ತಂಗಿ ಅಂತ ತಾನೇ ಇಷ್ಟು ಹಟ?" ಎಂದರು ಮುಖ್ಯಸ್ಥರು.

"ಹೌದು, ತಂಗಿ ಅಂತಾನೇ. ಮಿಕ್ಕ ಮೂವರಿಗೂ ಅಕ್ಕನೋ ಅಣ್ಣನೋ ಇರ್ತಾರೆ. ಅವರು ಈ ಕುರ್ಚಿಯಲ್ಲಿಲ್ಲ, ಅಷ್ಟೇ."

"ಹಾಗಾದರೆ ನಾನೇ ಸಹಿ ಮಾಡ್ತೀನಿ."

"ಧಾರಾಳವಾಗಿ ಮಾಡಿ. ಮೊದಲು ಆ ವಾಷರ್ ಹಾಕಿ ತೋರಿಸಿ," ಎಂದು ಅಕ್ಕ ಸ್ಪ್ಯಾನರನ್ನು ಅವರ ಕೈಗಿತ್ತಳು.

ಮಾದರಿ ನೌಕೆ ಪಕ್ಕದ ಶೆಡ್ಡಿನಲ್ಲೇ ಇತ್ತು. ಮುಖ್ಯಸ್ಥರು ಕೋಟು ಬಿಚ್ಚಿಟ್ಟು, ಮಲಗುವ ಗೂಡಿನ ಹಿಂದಿನ ಹಲಗೆ ತೆಗೆದು, ಸಂದಿಯೊಳಗೆ ಕೈ ತೂರಿಸಿದರು. ಪಂಪು ಸಿಕ್ಕಿತು. ಅದರ ಹಿಂಬದಿಯ ಬೋಲ್ಟಿಗೆ ಬೆರಳೂ ತಾಗಿತು. ಸ್ಪ್ಯಾನರ್ ತಿರುಗಿಸಲು ಮಾತ್ರ ಜಾಗವೇ ಇರಲಿಲ್ಲ. ಅಷ್ಟು ದೊಡ್ಡ ದೊಡ್ಡ ತಲೆಗಳು ಕೂತು ವಾಷರನ್ನು ಗ್ರಾಂ ಲೆಕ್ಕದಲ್ಲಿ ತೂಗಿದ್ದವು. ಅದನ್ನು ಹಾಕುವ ಕೈ ಎಲ್ಲಿ ಹಿಡಿಸುತ್ತದೆಂದು ಒಬ್ಬ ಪುಣ್ಯಾತ್ಮನೂ ನೋಡಿರಲಿಲ್ಲ.

ಒಂದು ಗಂಟೆ ಕಳೆಯಿತು. ಬೆರಳ ಗೆಣ್ಣು ತರಚಿ ರಕ್ತ ಬಂತು. ಎರಡನೇ ಗಂಟೆಗೆ ಬೋಲ್ಟಿನ ತಲೆಯೇ ಸವೆದುಹೋಯಿತು. ಮುಖ್ಯಸ್ಥರು ಬೆವರೊರೆಸಿಕೊಂಡು ಕುಡಿಯಲು ನೀರು ಕೇಳಿದರು.

"ಪಂಪು ಕೆಟ್ಟಿದೆಯಲ್ಲ ಸಾರ್," ಎಂದಳು ಅಕ್ಕ.

ಅವರು ನೆಲದ ಮೇಲೇ ಕುಕ್ಕರಿಸಿ, "ಹನ್ನೊಂದು ಕಿಲೋ ಎಲ್ಲಿಂದ ಇಳಿಸಲಿ, ನೀವೇ ಹೇಳಿ," ಎಂದರು.

ಅಕ್ಕ ಪಟ್ಟಿಯ ಕೊನೆಯ ಪುಟ ತೆರೆದಳು. ಮಂಗಳದ ನೆಲದಲ್ಲಿ ನೆಡಬೇಕಾದ ಲೋಹದ ಫಲಕ, ಕಂಬ ಸಮೇತ, ಹನ್ನೆರಡು ಕಿಲೋ.

"ಅದರಲ್ಲಿ ಮಂತ್ರಿಗಳ ಹೆಸರಿದೆಯಮ್ಮ. ನನ್ನದೂ ಇದೆ."

"ಇರಲಿ. ನಿಮ್ಮಲ್ಲಿ ಯಾರೂ ಅಲ್ಲಿ ಬಾಯಾರಿ ಸಾಯಲ್ಲ."

ಮುಖ್ಯಸ್ಥರು ತರಚಿದ ಕೈಯಿಂದಲೇ ಫಲಕದ ಮೇಲೆ ಗೆರೆ ಎಳೆದರು. ಆಗ ಅಕ್ಕ ಪೆನ್ನಿನ ಕ್ಯಾಪು ತೆಗೆದಳು.